ಉಂಬಳ ಕಚ್ಚಿದರೂ ತುರಿಸದ ಜಾಗ

ನನ್ನ ಬಲ ಮೊಣಕೈಯ ಹಿಂಬದಿಯನ್ನು ನಾನು ಮೊದಲ ಸಲ ನೋಡಿದ್ದು ನಲವತ್ತು ದಾಟಿದ ಮೇಲೆ, ಅದೂ ಹೆಂಡತಿಯ ಫೋನಿನಲ್ಲಿ. ಅಲ್ಲಿಯವರೆಗೆ ಅದು ಇದೆ ಎಂದು ನಂಬಿಕೊಂಡಿದ್ದೆ, ಅಷ್ಟೆ. ಕೈಯನ್ನು ಹೇಗೆ ತಿರುಚಿದರೂ, ಕುತ್ತಿಗೆಯನ್ನು ಎಷ್ಟು ಎಳೆದರೂ ಆ ಜಾಗ ಕಣ್ಣಿಗೆ ನೆಟ್ಟಗೆ ಸಿಗುವುದಿಲ್ಲ. ನಂಬದವರು ಈಗಲೇ ತಿರುಚಿ ನೋಡಬಹುದು. ನಮ್ಮದೇ ಮೈಯಲ್ಲಿ ನಮಗೆ ಕಾಣದೆ, ಬೇರೆಯವರಿಗೆ ಮಾತ್ರ ಕಾಣುವ ಊರುಗಳು ಎಷ್ಟಿವೆ ಎಂದು ಯೋಚಿಸಿದರೆ ನನಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ.

ಕಾಯಿಲೆಯ ಕಥೆ ಬರೆಯಲು ಕೂತಿದ್ದೇನೆ. ಆದರೆ ಕಥೆ ಅಂದಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಮೊದಲು ಇದಾಯಿತು, ಆಮೇಲೆ ಅದಾಯಿತು, ಕೊನೆಗೆ ಗುಣವಾಯಿತು ಎಂದು ನೆನಪು ಮಡಚಿಟ್ಟ ಬಟ್ಟೆಯ ಹಾಗೆ ಬಂದು ಕೂತರೆ, ಯಾರು ಮಡಚಿದರು, ಒಳಗೆ ಏನಿಟ್ಟರು ಎಂದು ನಾನು ಬಿಚ್ಚಿ ಕೊಡವಿ ನೋಡುತ್ತೇನೆ. ಇಲ್ಲಿಯೂ ಹಾಗೇ ಆಗಬಹುದು. ಓದುವವರು ಸ್ವಲ್ಪ ಸಹಿಸಿಕೊಳ್ಳಬೇಕು.

ನಾನು ಮಲ್ಲಂದೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ನಮ್ಮ ಕಡೆ ಹಾಗಂದರೆ ಆಳುಗಳ ಹಾಜರಿ ಹಾಕುವವನು, ತೋಟದ ಪಟ್ಟೆಗಳಲ್ಲಿ ಓಡಾಡಿ ಕೆಲಸ ನೋಡಿಕೊಳ್ಳುವವನು. ಬಿಡುವಿನಲ್ಲಿ ಕಥೆಗಳನ್ನೂ ಬರೆಯುತ್ತೇನೆ. ಅದೂ ಪೆನ್ನು ಹಿಡಿದು, ಕಾಗದದ ಮೇಲೆ. ಬೇರೆ ರೀತಿಯಲ್ಲಿ ನನಗೆ ಬರೆಯಲು ಬರುವುದಿಲ್ಲ. ಎಸ್ಟೇಟಿನ ಕ್ವಾರ್ಟರ್ಸಿನಲ್ಲಿ ನಾನು, ಹೆಂಡತಿ ಸುಮಾ, ನನ್ನ ಅಮ್ಮ, ಮೂವರು ಇದ್ದೇವೆ.

ಮಳೆಗಾಲದಲ್ಲಿ ತೋಟದಿಂದ ಬಂದವನು ನೇರ ಒಳಗೆ ನುಗ್ಗುವ ಹಾಗಿಲ್ಲ. ಬಚ್ಚಲ ಬಾಗಿಲಲ್ಲಿ ಅಂಗಿ ಬಿಚ್ಚಿ, ಕೈಯೆತ್ತಿ, ನಿಧಾನ ಒಂದು ಸುತ್ತು ತಿರುಗಬೇಕು. ಮನೆಯವರು ಯಾರಾದರೂ ಉಂಬಳ ನೋಡುತ್ತಾರೆ. ಬಯಲುಸೀಮೆಯವರು ಜಿಗಣೆ ಅನ್ನುವುದನ್ನೇ ನಾವು ಉಂಬಳ ಅನ್ನುವುದು. ಅದು ಕಚ್ಚುವಾಗ ಏನೂ ಗೊತ್ತಾಗುವುದಿಲ್ಲ. ಹೊಟ್ಟೆ ತುಂಬಿ ಉದುರಿದ ಮೇಲೆ ರಕ್ತ ಇಳಿಯುತ್ತದೆ, ಆಗ ಗೊತ್ತಾಗುತ್ತದೆ. ಮಾರನೇ ದಿನದಿಂದ ತುರಿಕೆ ಶುರುವಾದರೆ ನಿದ್ದೆಗೂ ಬಿಡುವುದಿಲ್ಲ. ಇಲ್ಲಿ ಹುಟ್ಟಿದವರಿಗೆ ಇದೊಂದು ಸುದ್ದಿಯೇ ಅಲ್ಲ. ಕಚ್ಚಿದ್ದು ತಿಳಿಯದಿರುವುದೇ ನಮ್ಮಲ್ಲಿ ಸಹಜ. ನನ್ನ ಕಾಯಿಲೆ ಅಷ್ಟು ದಿನ ಅಡಗಿ ಕೂತಿದ್ದು ಈ ಸಹಜದ ಒಳಗೆ.

ಸುಮಾ ಫೋಟೊ ತೆಗೆಯಲು ಶುರುಮಾಡಿದ್ದು ನನ್ನ ವಾದದಿಂದ. ಬೆನ್ನ ಮೇಲೆ ಒಂದು ಇದೆ ಎಂದು ಅವಳು, ಇಲ್ಲ ಮಾರಾಯ್ತಿ ಎಂದು ನಾನು. ಒಂದು ದಿನ ಅವಳು ಉಂಬಳ ಬಿಡಿಸುವ ಸುಣ್ಣದ ಡಬ್ಬಿ ಕೆಳಗಿಟ್ಟು ಫೋನ್ ಎತ್ತಿಕೊಂಡು ಬಂದು ಕ್ಲಿಕ್ ಮಾಡಿ ನನ್ನ ಮೂಗಿಗೆ ಹಿಡಿದಳು. ಅಂದಿನಿಂದ ಅದೇ ರೂಢಿಯಾಯಿತು. ಮೊದಲು ಸಾಕ್ಷಿ, ಆಮೇಲೆ ಸುಣ್ಣ. ಅಮ್ಮ ಅದಕ್ಕೆ ಉಂಬಳದ ಆಲ್ಬಮ್ ಎಂದು ಹೆಸರಿಟ್ಟಿದ್ದಳು.

ಆ ಮಳೆಗಾಲದಲ್ಲಿ ಬಲ ಮೊಣಕೈಯ ಹಿಂದೆ ಒಂದು ಚೆನ್ನಾಗಿ ಕಚ್ಚಿ ಹೋಗಿತ್ತು. ರಕ್ತ ಅಂಗಿಯ ತೋಳು ಒದ್ದೆಯಾಗುವಷ್ಟು ಬಂತು. ಆದರೆ ತುರಿಕೆ ಮಾತ್ರ ಬರಲೇ ಇಲ್ಲ. ನನಗೆ ಅದೊಂದು ಪವಾಡದ ಹಾಗೆ ಕಂಡಿತು. ಬೆಳಿಗ್ಗೆ ಹಾಜರಿ ಹಾಕುವಾಗ ಎಲ್ಲರ ಎದುರು ಹೇಳಿಕೊಂಡೆ. ನಮ್ಮ ಮೇಸ್ತ್ರಿ ಮಂಜಪ್ಪ, ಆಳುಗಳನ್ನು ನಡೆಸುವವನು, ಎಲೆಯಡಿಕೆ ಒಂದು ಪಕ್ಕಕ್ಕೆ ತಳ್ಳಿ ಹೇಳಿದ: "ರೈಟ್ರ ರಕ್ತ ಕಹಿ ಇರ್ಬೇಕು. ಪಾಪ, ಆ ಉಂಬಳ ಎಲ್ಲೋ ಬಾಯಿ ಮುಕ್ಕಳಿಸ್ತಾ ಇರ್ತದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಮಾತನ್ನು ಸಂತೆಯಲ್ಲಿ, ಮದುವೆ ಮನೆಯಲ್ಲಿ, ಎಲ್ಲ ಕಡೆ ನಾನೇ ಹೇಳಿಕೊಂಡು ತಿರುಗಿದೆ. ಕಹಿ ರಕ್ತದವನಾಗಿರುವುದು ಚೆನ್ನಾಗಿತ್ತು.

ಮರುವರ್ಷ, ಹಲಸು ಹಣ್ಣಾಗುವ ಹೊತ್ತು. ಇದನ್ನು ಬರೆಯುವಾಗ ನನ್ನ ನೆನಪಿನಲ್ಲಿ ಜೋರು ಮಳೆ ಸುರಿಯುತ್ತಿದೆ. ಆದರೆ ಸುಮಾ ಅವತ್ತೇ ತೆಗೆದ ಇನ್ನೊಂದು ಫೋಟೊದಲ್ಲಿ ಹಿಂದಿನ ಕಾಫಿ ಒಣಗಿಸುವ ಕಣ ಬಿಸಿಲಿನಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿದೆ. ಆದ್ದರಿಂದ ಮಳೆಯನ್ನು ತೆಗೆದುಹಾಕುತ್ತೇನೆ. ಅವಳು ಮೆಟ್ಟಿಲ ಮೇಲೆ ಕೂತು, ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ತೊಳೆ ಬಿಡಿಸುತ್ತಿದ್ದಳು. ಪಕ್ಕದಲ್ಲಿಟ್ಟಿದ್ದ ಫೋನ್ ತಾನಾಗಿಯೇ ಒಂದು ವಿಡಿಯೊ ಮಾಡಿ ತೋರಿಸಿತು. ಈಗಿನ ಫೋನುಗಳು ಹಾಗೆ ಮಾಡುತ್ತವೆ. ನಮ್ಮ ಹಳೆಯ ಫೋಟೊಗಳನ್ನು ಆರಿಸಿ, ಕೊಳಲಿನ ಸಂಗೀತ ಹಾಕಿ, ನಿಮ್ಮ ಸವಿನೆನಪುಗಳು ಎಂದು ಕೊಡುತ್ತವೆ. ಅದು ಆರಿಸಿಕೊಂಡದ್ದು ನನ್ನ ಉಂಬಳಗಳನ್ನು. ಒಂದು ಬೆನ್ನು, ಒಂದು ಹೃದಯದ ಚಿತ್ರ ತೇಲಿ ಹೋಗುತ್ತದೆ, ಒಂದು ಮೊಣಕೈ, ಹೂವು ಉದುರುತ್ತದೆ, ಮತ್ತೆ ಮೊಣಕೈ, ಇನ್ನೊಂದು ಮೊಣಕೈ.

ಸುಮಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಮ್ಮನನ್ನು ಕರೆದು ತೋರಿಸಿದಳು. ಇಬ್ಬರೂ ಸೇರಿ ಮತ್ತೆ ನೋಡಿದರು. ಮೂರನೇ ಸಲ ನಗು ಕೇಳಿಸಲಿಲ್ಲ.

"ಇಲ್ಲಿ ಬನ್ನಿ ಸ್ವಲ್ಪ," ಸುಮಾ ಅಂದಳು. "ಈ ಬಿಳಿ ಮೊದ್ಲು ಇಷ್ಟಿತ್ತಾ?"

ಆಗ ನಾನು ನನ್ನ ಮೊಣಕೈಯ ಹಿಂಬದಿಯನ್ನು ನೋಡಿದೆ. ಅಂದರೆ, ಮೊದಲ ಸಲ ಉಂಬಳವನ್ನು ಬಿಟ್ಟು ಚರ್ಮವನ್ನು ನೋಡಿದೆ. ಮೊದಲ ಫೋಟೊದಲ್ಲಿ ಹುಣಸೆಬೀಜದಷ್ಟು ಮಾಸಲು ಬಿಳಿ. ನಡುವಿನದರಲ್ಲಿ ಅದೇ ಜಾಗ ಸ್ವಲ್ಪ ಅಗಲ, ಮಧ್ಯದಲ್ಲಿ ಆ ತುರಿಸದ ಕಡಿತದ ಕಪ್ಪು ಚುಕ್ಕೆ. ಕೊನೆಯದರಲ್ಲಿ ಎಳೆಯ ವೀಳ್ಯದೆಲೆಯಷ್ಟು. ಮೂರರಲ್ಲೂ ನಾನು ನಗುತ್ತಿರುವುದು ಭುಜ ಅಲುಗಿ ಮಸುಕಾಗಿದ್ದರಿಂದ ಗೊತ್ತಾಗುತ್ತಿತ್ತು. ಚಂದ್ರನನ್ನು ಯಾರೋ ದಿನಾ ಒಂದೇ ಕಿಟಕಿಯಿಂದ ಬಿಡದೆ ನೋಡಿಟ್ಟ ಹಾಗಿತ್ತು. ಬೆಳೆಯುತ್ತಿದ್ದದ್ದು ನನ್ನ ಮೈಮೇಲೆ, ಬೆಳವಣಿಗೆ ಗೊತ್ತಿದ್ದದ್ದು ಫೋನಿಗೆ.

ಚಿಬ್ಬು, ಇನ್ನೇನಲ್ಲ, ಎಂದೆ. ಅಮ್ಮ ತೊನ್ನು ಇರಬಹುದು ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಮೆಡಿಕಲ್ ಶಾಪಿನಿಂದ ಒಂದು ಮುಲಾಮು ತಂದು ಹಚ್ಚಿದೆ. ಸುಮಾ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಪ್ರತಿ ಭಾನುವಾರ ಎಣ್ಣೆ ಸ್ನಾನಕ್ಕೆ ಮೊದಲು, ಅಡಿಗೆಮನೆಯ ಕಿಟಕಿಯ ಪಕ್ಕ, ಅದೇ ಬೆಳಕಿನಲ್ಲಿ, ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಹಿಡಿದು ಫೋಟೊ ತೆಗೆದಳು. ನಾಣ್ಯ ಯಾಕೆ ಎಂದರೆ, ಅಳತೆಗೆ ಎಂದಳು. ಮುಲಾಮು ಕೆಲಸ ಮಾಡುತ್ತಿದೆ ಎಂದು ನಾನು ಹೇಳುತ್ತಿದ್ದೆ. ಫೋಟೊ ಒಪ್ಪುತ್ತಿರಲಿಲ್ಲ.

ಅದೇ ದಿನಗಳಲ್ಲಿ ಊಟ ಮಾಡುವಾಗ ಸಾರನ್ನ ನನ್ನ ಕೈಯಿಂದ ಸೋರತೊಡಗಿತು. ಕಿರುಬೆರಳು ಉಂಗುರಬೆರಳಿನ ಜೊತೆ ಸೇರದೆ, ಮುನಿಸಿಕೊಂಡ ನೆಂಟನ ಹಾಗೆ ದೂರ ನಿಲ್ಲುತ್ತಿತ್ತು. ಅಂಗಿಯ ಗುಂಡಿ ಹಾಕಲು ತಡವಾಗುತ್ತಿತ್ತು. ಬರೆಯುವಾಗ ಅಂಗೈಯ ಅಂಚು ಕಾಗದದ ಮೇಲೆ ಕೂರುತ್ತದಲ್ಲ, ಆ ಅಂಚಿಗೂ ಕಾಗದಕ್ಕೂ ನಡುವೆ ಯಾರೋ ತೆಳುವಾದ ಬಟ್ಟೆ ಹಾಸಿದ ಹಾಗಿತ್ತು. ನಾನು ಪೆನ್ನು ಬದಲಾಯಿಸಿದೆ. ಆಮೇಲೆ ಕಾಗದ ಬದಲಾಯಿಸಿದೆ. ಮೇಜು ಬದಲಾಯಿಸಲು ಹೊರಟಾಗ ಸುಮಾ ಹೇಳಿದಳು, ಇನ್ನು ಚಿಕ್ಕಮಗಳೂರಿಗೆ ಹೋಗುವ ಎಂದು.

ಆಸ್ಪತ್ರೆಯ ಚರ್ಮರೋಗದ ಸಾಲಿಗೆ ಒಂದು ವಿಚಿತ್ರ ಮೌನವಿದೆ. ಕಣ್ಣಿನ ಸಾಲಿನಲ್ಲಿ, ಮಂಡಿನೋವಿನ ಸಾಲಿನಲ್ಲಿ ಜನ ತಮ್ಮ ತಮ್ಮ ನೋವನ್ನು ಹಪ್ಪಳದ ಹಾಗೆ ಹಂಚಿಕೊಳ್ಳುತ್ತಾರೆ. ನಮ್ಮ ಸಾಲಿನಲ್ಲಿ ಯಾರೂ ಯಾರನ್ನೂ ನಿಮಗೇನು ಎಂದು ಕೇಳಲಿಲ್ಲ. ಎಲ್ಲರೂ ತಂತಮ್ಮ ಬಟ್ಟೆಯ ಒಳಗೆ ಕೂತಿದ್ದರು. ಸೆಕೆಯಲ್ಲೂ ಸ್ವೆಟರ್ ಹಾಕಿಕೊಂಡ ಒಬ್ಬಾಕೆ, ಕೈಗೆ ಕರವಸ್ತ್ರ ಸುತ್ತಿಕೊಂಡ ಮುದುಕ. ನಾನೂ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿಕೊಂಡೆ. ಪಕ್ಕದಲ್ಲೇ ಇದ್ದ ಆ ಮುದುಕ ತನ್ನ ಬಾಟಲಿಯ ನೀರನ್ನು ಸುಮಾಳ ಕಡೆ ಚಾಚಿದ. ಅವಳು ಎತ್ತಿ ಕುಡಿದು ವಾಪಸು ಕೊಟ್ಟಳು. ಅವನು ಆ ಬಾಟಲಿಯನ್ನು ಮುಚ್ಚುವ ಮೊದಲು ಒಂದು ಕ್ಷಣ ನೋಡಿದ್ದು ನನಗೆ ನೆನಪಿದೆ. ಅಥವಾ ಆಮೇಲೆ ನಡೆದದ್ದು ಗೊತ್ತಿರುವುದರಿಂದ ನಾನು ಆ ನೋಟವನ್ನು ಈಗ ಅಲ್ಲಿ ಇಟ್ಟಿರಬಹುದು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿಳಿ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನನಗೆ ಕಣ್ಣು ಮುಚ್ಚಲು ಹೇಳಿದರು. ಬಾಲ್ ಪೆನ್ನಿನ ತುದಿಯಿಂದ ಮುಟ್ಟುತ್ತೇನೆ, ಎಲ್ಲಿ ಮುಟ್ಟಿದೆ ಎಂದು ಎಡಗೈ ಬೆರಳಿನಿಂದ ತೋರಿಸಿ, ಎಂದರು. ಸುಲಭದ ಆಟ. ಭುಜ, ತೋರಿಸಿದೆ. ಮುಂಗೈ, ತೋರಿಸಿದೆ. ಆಮೇಲೆ ಅವರು ಸುಮ್ಮನಾದರು. ನಾನು ಕಾದೆ. ಫ್ಯಾನಿನ ಸದ್ದು, ಹೊರಗೆ ಯಾರದೋ ಕೆಮ್ಮು. ಏನೋ ಬರೆದುಕೊಳ್ಳುತ್ತಿರಬೇಕು ಅಂದುಕೊಂಡೆ.

"ನೀವು ಹೇಳಿದ್ರೆ ಮುಂದಿನದು ಶುರು ಮಾಡ್ಬಹುದು, ಡಾಕ್ಟ್ರೆ," ಎಂದೆ.

"ನಾನು ಮುಟ್ತಾನೇ ಇದೀನಿ," ಎಂದರು.

ಕಣ್ಣು ಬಿಟ್ಟೆ. ಅವರ ಪೆನ್ನು ನನ್ನ ಕಿರುಬೆರಳಿನ ಮೇಲಿತ್ತು. ಸುಮಾ ಗೋಡೆಯ ಕಡೆ ತಿರುಗಿ ನಿಂತಿದ್ದಳು. ನಡುವೆ ನಡೆದದ್ದನ್ನು ಅವಳು ಎಷ್ಟೋ ದಿನಗಳ ಮೇಲೆ ಹೇಳಿದಳು. ಪೆನ್ನು ಮೊಣಕೈಯ ಬಿಳಿಯಲ್ಲಿ ಓಡಾಡಿತು, ಅಂಗೈಯ ಅಂಚಿಗೆ ಬಂತು, ಬೆರಳಿಗೆ ಬಂತು, ನಾನು ಮಾತ್ರ ದೇವರ ಮುಂದೆ ಕೂತವನ ಹಾಗೆ ಶಾಂತವಾಗಿ ಕಣ್ಣು ಮುಚ್ಚಿ ಕಾಯುತ್ತಿದ್ದೆನಂತೆ. ನನ್ನ ಬದುಕಿನ ಅಷ್ಟು ದೊಡ್ಡ ಗಳಿಗೆಯಲ್ಲಿ ನಾನು ಇರಲೇ ಇಲ್ಲ. ಪೆನ್ನು ನನ್ನ ಮೇಲೆ ಏನೇನೋ ಬರೆದು ಹೋಗಿತ್ತು, ನನಗೆ ಒಂದು ಅಕ್ಷರವೂ ತಲುಪಿರಲಿಲ್ಲ.

ಅವರು ಮೊಣಕೈಯ ಒಳಮೂಳೆಯ ಹಿಂದೆ ಬೆರಳಾಡಿಸಿ ಒಂದು ನರವನ್ನು ಹುಡುಕಿದರು. ಹಗ್ಗದ ಹಾಗೆ ದಪ್ಪಗಾಗಿತ್ತು. ಉಂಗುರಬೆರಳು ಕಿರುಬೆರಳುಗಳ ನಡುವೆ ಒಂದು ಕಾರ್ಡು ಸಿಕ್ಕಿಸಿ, ಬಿಗಿಯಾಗಿ ಹಿಡಿದುಕೊಳ್ಳಿ ಎಂದು ಹೇಳಿ ಎಳೆದರು. ಹೊಳೆಯ ನೀರಿನಲ್ಲಿ ಎಲೆ ಜಾರುವ ಹಾಗೆ ಅದು ಜಾರಿತು. ನಾನು ಬಿಗಿಯಾಗಿ ಹಿಡಿದಿದ್ದೆ, ಅದು ನನಗೆ ಖಚಿತವಾಗಿ ಗೊತ್ತಿತ್ತು.

ಆಮೇಲೆ ಸುಮಾ ಫೋನ್ ಕೊಟ್ಟಳು. ಡಾಕ್ಟರು ಫೋಟೊಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದರು. ನಡುವಿನ ಒಂದರ ಹತ್ತಿರ ನಿಂತರು.

"ಇದೇನು ಚುಕ್ಕೆ?"

"ಉಂಬಳ ಕಚ್ಚಿದ್ದು."

"ತುರಿಸಿತ್ತಾ?"

ನಾನು ಇಲ್ಲ ಎಂದೆ. ಹೇಳುವಾಗ ನನ್ನ ದನಿಯಲ್ಲಿ ಆ ಹಳೆಯ ಹೆಮ್ಮೆ ಇನ್ನೂ ಇತ್ತು. ಅವರು ನನ್ನನ್ನೇ ನೋಡಿದರು. ನಾನು ಅವರನ್ನು ನೋಡಿದೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ ನಾನು ಒಂದು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ನನ್ನ ರೋಗಲಕ್ಷಣವನ್ನು ಎಂದು ಆ ಕುರ್ಚಿಯಲ್ಲಿ ಕೂತು ಅರ್ಥವಾಯಿತು.

ಅವರು ಸುತ್ತಿಬಳಸದೆ ಹೇಳಿದರು: ಕುಷ್ಠ. ಆ ಪದವನ್ನು ನಾನು ಶಾಪದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರಲಿಲ್ಲ. ಅವರ ಬಾಯಲ್ಲಿ ಅದು ನೆಗಡಿ, ಕೆಮ್ಮು ಅನ್ನುವಷ್ಟೇ ಸಣ್ಣದಾಗಿ ಬಂತು. ಮಾತ್ರೆ ಇದೆ, ದುಡ್ಡಿಲ್ಲದೆ ಸಿಗುತ್ತದೆ, ಮಾತ್ರೆ ಶುರುವಾದ ಮೇಲೆ ಬೇಗನೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ, ಮನೆಯಲ್ಲಿ ಎಲ್ಲರ ಜೊತೆಗೇ ಇರಬಹುದು. ಮುಖ್ಯ ಪ್ರಶ್ನೆ ಮಚ್ಚೆಯದಲ್ಲ, ಬೆರಳಿನದು, ಎಂದರು. ನರ ಬಹಳ ಕಾಲ ಹಾಗೇ ಇದ್ದರೆ ಬೆರಳುಗಳು ಮಡಚಿಕೊಂಡು ಉಳಿದುಬಿಡುತ್ತವೆ. ಬೇಗ ಬಂದಿದ್ದರೆ ಮರಳಬಹುದು. ಬೇಗ ಬಂದಿದ್ದೇನೋ ಇಲ್ಲವೋ ಎನ್ನುವುದಕ್ಕೆ ಅವರು ಮತ್ತೆ ಫೋಟೊಗಳನ್ನೇ ನೋಡಿದರು.

"ರೋಗಿಗಳು ಸಾಮಾನ್ಯ ನೆನಪಿನಿಂದ ಹೇಳ್ತಾರೆ. ಹೀಗೆ ಫೋಟೊ ಇಟ್ಕೊಂಡು ಬಂದವರನ್ನ ನಾನು ನೋಡಿಲ್ಲ."

"ಅದು ಉಂಬಳಕ್ಕೆ ತೆಗ್ದಿದ್ದು, ಮೇಡಂ," ಎಂದಳು ಸುಮಾ, ಕ್ಷಮೆ ಕೇಳುವವಳ ಹಾಗೆ.

ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂತಿದ್ದೆ. ರಸ್ತೆ ಏರತೊಡಗಿದ ಮೇಲೆ ನಾನು ಕಿಟಕಿಯಿಂದ ತಲೆ ತಿರುಗಿಸಿ ತೊಡೆಯ ಮೇಲಿದ್ದ ನನ್ನ ಕೈಯನ್ನು ನೋಡಿದೆ. ಸುಮಾ ನನ್ನ ಕಿರುಬೆರಳನ್ನು ಹಿಡಿದುಕೊಂಡಿದ್ದಳು. ಎಷ್ಟು ಹೊತ್ತಿನಿಂದ ಹಿಡಿದಿದ್ದಳೋ ಗೊತ್ತಿಲ್ಲ. ಹಿಡಿದಿದ್ದಾಳೆಂದು ನನಗೆ ಗೊತ್ತಾದದ್ದು ಕಣ್ಣಿನಿಂದ.

ಅಮ್ಮನಿಗೆ ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ವಾಕ್ಯಗಳು ಬಾಗಿಲಲ್ಲೇ ಉದುರಿದವು. ಅವಳು ಸುಮಾಳ ಮುಖ ನೋಡಿ, "ದೊಡ್ಡ ರೋಗವಾ?" ಎಂದಳು. ನಮ್ಮ ಕಡೆ ಹಳಬರು ಕುಷ್ಠವನ್ನು ಹಾಗೇ ಕರೆಯುವುದು. ಹೌದು ಎಂದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಕಲ್ಲು ಹುಡುಕತೊಡಗಿದಳು. ಬಹಳ ಹೊತ್ತು ಹುಡುಕಿದಳು.

ಅವತ್ತು ಊಟಕ್ಕೆ ನನ್ನ ತಟ್ಟೆ ಲೋಟ ಬೇರೆಯಾಗಿ ಕಿಟಕಿಯ ಕಟ್ಟೆಯ ಮೇಲಿದ್ದವು. ಅಮ್ಮ ಇಟ್ಟಳು ಎಂದು ನನ್ನ ನೆನಪು. ನೀವೇ ಇಟ್ಟುಕೊಂಡದ್ದು, ಅತ್ತೆ ಮುಟ್ಟಲೂ ಇಲ್ಲ ಎಂದು ಸುಮಾ. ಈ ಒಂದು ವಿಷಯಕ್ಕೆ ಫೋಟೊ ಇಲ್ಲ. ಇದ್ದಿದ್ದರೆ ಒಳ್ಳೆಯದಿತ್ತೋ ಇಲ್ಲವೋ ಹೇಳಲಾರೆ. ಇಬ್ಬರೂ ಒಪ್ಪುವುದು ಇಷ್ಟನ್ನು: ಮಾರನೇ ದಿನ ಅಮ್ಮ ಆ ತಟ್ಟೆಯನ್ನು ಎಲ್ಲ ತಟ್ಟೆಗಳ ಮಧ್ಯೆ ಸೇರಿಸಿ, ಯಾವುದು ಯಾರದೆಂದು ಗೊತ್ತಾಗದ ಹಾಗೆ ಅದಲುಬದಲು ಮಾಡಿ, ಹೇಳಿದಳು: "ಬೇರೆ ತಟ್ಟೆ ಬೇರೆ ತೊಳ್ಯಕ್ಕೆ ನಂಗೆ ಪುರ್ಸೊತ್ತಿಲ್ಲ ಮಗಾ."

ಮನೆಯವರನ್ನೂ ಪರೀಕ್ಷಿಸಬೇಕಿತ್ತು. ಆರೋಗ್ಯ ಕೇಂದ್ರದಿಂದ ಒಬ್ಬಾಕೆ ಬಂದರು. ಸುಮಾಳದ್ದು ಆಯಿತು. ಅಮ್ಮ ಮಾತ್ರ ಸೆರಗು ಬಿಗಿ ಹಿಡಿದು ಕೂತಳು. ನನ್ನ ಬೆನ್ನನ್ನ ನಾನೇ ನೋಡಿಲ್ಲ, ಕಂಡವರು ನೋಡೋದಾ, ಎಂದು ಹಟ. ಬಂದಾಕೆ ಬಲವಂತ ಮಾಡಲಿಲ್ಲ. ಮನೆಯಲ್ಲೇ ಬೆಳಕಿನಲ್ಲಿ ಫೋಟೊ ತೆಗೆದಿಡಿ, ಮೊದಲು ಅದನ್ನು ನೋಡುತ್ತೇನೆ, ಎಲ್ಲಾದರೂ ಅನುಮಾನ ಬಂದರೆ ಆ ಜಾಗ ಒಂದನ್ನೇ ಮುಟ್ಟಿ ನೋಡೋಣ, ಎಂದು ಹೇಳಿ ಹೋದರು.

ಹಾಗೆ ಒಂದು ಭಾನುವಾರ ಅಡಿಗೆಮನೆಯ ಕಿಟಕಿಯ ಪಕ್ಕ ಸುಮಾ ಅಮ್ಮನ ಬೆನ್ನಿನ ಫೋಟೊ ತೆಗೆದಳು. ನಾನು ಹೊರಗೆ ಜಗಲಿಯಲ್ಲಿದ್ದೆ. ಆಮೇಲೆ ಅಮ್ಮ ಸೆರಗು ಹೊದ್ದುಕೊಂಡು ಫೋನ್ ಹಿಡಿದು ಹೊರಗೆ ಬಂದಳು. ಅದನ್ನು ಎರಡೂ ಕೈಯಲ್ಲಿ, ಪ್ರಸಾದ ಹಿಡಿದ ಹಾಗೆ ಹಿಡಿದಿದ್ದಳು.

"ಇದು ನಮ್ಮವ್ವನ ಬೆನ್ನು," ಎಂದಳು.

ಅಲ್ಲ, ನಿನ್ನದು, ಎಂದೆ.

"ನಂಗೊತ್ತು ಮಾರಾಯ. ನಾನು ಸಣ್ಣೋಳಿದ್ದಾಗ ಎಣ್ಣೆ ಹಚ್ಚಿ ತಿಕ್ತಿದ್ದದ್ದು ಇದನ್ನೇ. ಈ ಮಚ್ಚೆ, ಈ ಗುಳಿ. ಅವ್ವ ಹೋಗಿ ಎಷ್ಟು ಕಾಲ ಆಯ್ತು. ಇಷ್ಟು ದಿನ ನನ್ನ ಹಿಂದೇನೇ ಇದ್ಲು."

ಅವಳು ಫೋಟೊವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದಳು. ನಾನು ಇಷ್ಟು ವರ್ಷ ಬರೆದ ಕಥೆಗಳಲ್ಲಿ ಕಾಲವನ್ನು ತಿರುಗಿಸಲು, ಸತ್ತವರನ್ನು ಮಾತಾಡಿಸಲು ಎಷ್ಟೆಲ್ಲ ಸರ್ಕಸ್ಸು ಮಾಡಿದ್ದೆ. ಅಡಿಗೆಮನೆಯ ಬೆಳಕು, ಒಂದು ಫೋನು, ಒಂದು ಬೆನ್ನು. ಅಷ್ಟು ಸಾಕಾಗಿತ್ತು. ಬೆನ್ನಿನಲ್ಲಿ ಅನುಮಾನದ ಜಾಗ ಯಾವುದೂ ಇರಲಿಲ್ಲ. ಕೊಳಲಿನ ಸಂಗೀತ ಹಾಕಿ ಇದನ್ನೂ ತೋರಿಸೀತು ಎಂದು ಹೆದರಿ ಸುಮಾ ಆ ಸವಿನೆನಪುಗಳ ಸೌಲಭ್ಯವನ್ನು ಅವತ್ತೇ ಬಂದ್ ಮಾಡಿದಳು.

ಮಾತ್ರೆಗಳ ಕಾಲ ನಿಧಾನದ್ದು. ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದಲ್ಲಿ ಎದುರಿಗೇ ನುಂಗಬೇಕಾದ ಮಾತ್ರೆ. ಅವತ್ತು ಮೂತ್ರ ಕುಂಕುಮ ಕದಡಿದ ಬಣ್ಣಕ್ಕೆ ಬರುತ್ತಿತ್ತು. ಮೊದಲೇ ಹೇಳಿದ್ದರೂ ಮೊದಲ ಸಲ ಗೋಡೆ ಹಿಡಿದುಕೊಂಡೆ. ನರಕ್ಕೆಂದು ಬೇರೆ ಮಾತ್ರೆ. ಅದರಿಂದ ಮುಖ ಊದಿತು, ಹಸಿವು ಹೆಚ್ಚಿತು. ಬೆರಳುಗಳಿಗೆ ಎಣ್ಣೆ ಹಚ್ಚಿ ಎಳೆದು ನೇರ ಮಾಡುವ ವ್ಯಾಯಾಮ. ಬಿಸಿ ಪಾತ್ರೆ ಹಿಡಿಯುವ ಮುನ್ನ ಎಡಗೈಯಲ್ಲಿ ಮುಟ್ಟಿ ನೋಡುವ ಅಭ್ಯಾಸ. ಭಾನುವಾರಗಳ ಫೋಟೊ ನಡೆದೇ ಇತ್ತು, ಈಗ ಮೂವರದ್ದೂ. ಆ ಫೋಟೊಗಳಲ್ಲಿ ನನ್ನ ಬಣ್ಣ ವಾರದಿಂದ ವಾರಕ್ಕೆ ಕಪ್ಪಾಗುತ್ತ ಹೋಯಿತು. ಅದೂ ಮಾತ್ರೆಯದೇ ಕೆಲಸ.

ಹಾಜರಿಯ ಹೊತ್ತಿನಲ್ಲಿ ಮಂಜಪ್ಪ ಇದನ್ನು ಗಮನಿಸಿದ. ಪಾರ್ಚ್‌ಮೆಂಟ್ ಕಾಫಿಬೀಜದ ಬಣ್ಣದಲ್ಲಿದ್ದ ರೈಟ್ರನ್ನ ಯಾರೋ ದಿನಾ ಸ್ವಲ್ಪ ಸ್ವಲ್ಪ ಹುರೀತಾ ಇದಾರೆ ಎಂದು ಆಳುಗಳ ಮುಂದೆ ನಗೆ ಎಬ್ಬಿಸಿದ. ಎಲ್ಲರೂ ಕೆಲಸಕ್ಕೆ ಚದುರಿದ ಮೇಲೆ ಅವನನ್ನು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಪಕ್ಕಕ್ಕೆ ಕರೆದು ಹೇಳಿಬಿಟ್ಟೆ. ಅವನು ಎಲೆಯಡಿಕೆ ಉಗಿದ. ಒಂದು ಹೆಜ್ಜೆ ಹಿಂದೆ ಹೋದ. ನಿಜವಾಗಿ ಹೋದ, ಇದನ್ನು ನಾನು ಸೇರಿಸಿದ್ದಲ್ಲ. ನಾನು ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಅವನು ಅಲ್ಲೇ ನಿಂತು ಅಂಗಿಯ ಗುಂಡಿ ಬಿಚ್ಚುತ್ತಿದ್ದ. ತಿರುಗಿ ಬೆನ್ನು ತೋರಿಸಿದ.

"ನಂದೂ ಒಂದು ಇದೆ ಅಂತ ನಮ್ ಮನೆಯವ್ಳು ಹೇಳ್ತಿದ್ಲು. ಸ್ವಲ್ಪ ನೋಡಿ ರೈಟ್ರೆ. ಸುಮಮ್ಮಾವ್ರ ಫೋನಲ್ಲಿ ತೆಗಿಸ್ಬಹುದಾ?"

ಅವನದು ಬರೀ ಚಿಬ್ಬು ಎಂದು ಆರೋಗ್ಯ ಕೇಂದ್ರದವರು ಹೇಳಿದರು. ಆದರೆ ಅಂದಿನಿಂದ ಭಾನುವಾರ ಬೆಳಿಗ್ಗೆ ಆಳುಗಳ ಲೈನಿನ ಮನೆಗಳಿಂದ ಯಾರಾದರೊಬ್ಬರು ನಮ್ಮ ಅಡಿಗೆಮನೆಯ ಕಿಟಕಿಗೆ ಬರುತ್ತಾರೆ. ಕೆಲವರಿಗೆ ಸುಮಾ ಅವರವರ ಫೋನಿನಲ್ಲೇ ತೆಗೆಯುವುದನ್ನು ಹೇಳಿಕೊಟ್ಟಿದ್ದಾಳೆ: ಅದೇ ಜಾಗ, ಅದೇ ಬೆಳಕು, ಪಕ್ಕದಲ್ಲಿ ನಾಣ್ಯ. ಫೋಟೊ ರೋಗ ಹೇಳುವುದಿಲ್ಲ, ಹೋಗಿ ತೋರಿಸಿ ಎಂದು ಮಾತ್ರ ಹೇಳುತ್ತದೆ ಎನ್ನುವುದನ್ನೂ ಸೇರಿಸುತ್ತಾಳೆ. ಜನ ನಾಚಿಕೆಯಿಂದ ಬರುತ್ತಾರೆ, ಹೋಗುವಾಗ ತಮ್ಮ ಬೆನ್ನಿನ ಫೋಟೊವನ್ನೇ ನೋಡುತ್ತ ಮೆಟ್ಟಿಲು ಎಡವುತ್ತಾರೆ.

ಬೆರಳಿನ ವಿಷಯ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಫೋಟೊ ಮುಗಿದ ಮೇಲೆ ಸುಮಾ ಒಂದು ಮದುವೆಯ ಕರೆಯೋಲೆಯ ಕಾರ್ಡನ್ನು ನನ್ನ ಉಂಗುರಬೆರಳು ಕಿರುಬೆರಳುಗಳ ನಡುವೆ ಸಿಕ್ಕಿಸಿ ಎಳೆಯುತ್ತಿದ್ದಳು. ಡಾಕ್ಟರಿಗೆ ತೋರಿಸಲೆಂದು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅದರ ವಿಡಿಯೊ. ಕಾರ್ಡು ಜಾರುತ್ತಿತ್ತು. ಇನ್ನೊಂದು ಭಾನುವಾರ, ಜಾರುತ್ತಿತ್ತು. ಜಾರಿದ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಬರೆಯುವುದನ್ನು ನಿಲ್ಲಿಸಿದ್ದೆ. ಅಕ್ಷರ ಮೂಡುತ್ತಿತ್ತು, ಕಾಗದ ಅಂಗೈಗೆ ಸಿಗುತ್ತಿರಲಿಲ್ಲ. ಕತ್ತಲೆಯಲ್ಲಿ ಒಂದು ಕಾಲಿಗೆ ನೆಲ ಸಿಕ್ಕದೆ ನಡೆದ ಹಾಗೆ. ಮಡಚಿಕೊಂಡು ಹೋಗುವ ಬೆರಳುಗಳ ಚಿತ್ರವನ್ನು ನಾನು ಫೋನಿನಲ್ಲಿ ಹುಡುಕಿ ನೋಡಿದೆ. ಆಮೇಲೆ ಹುಡುಕಲಿಲ್ಲ.

ಬೆರಳಿಗೆ ಬಲ ಮರಳಿದ್ದು ಯಾವತ್ತು ಎಂದು ನಾನು ಗುರುತಿಟ್ಟಿಲ್ಲ. ಒಂದು ದಿನ ಸಾರನ್ನ ಸೋರಲಿಲ್ಲ ಎಂದು ಅಮ್ಮ ಹೇಳುತ್ತಾಳೆ. ನಾನು ಗಮನಿಸಲಿಲ್ಲ. ಬೆರಳಿನ ತುದಿಯಲ್ಲಿ ಇರುವೆ ಹರಿದಂತೆ ಆಗುತ್ತಿತ್ತು, ಅದನ್ನು ಆಸೆ ಎಂದು ತಳ್ಳಿಹಾಕಿದ್ದೆ. ಖಚಿತವಾಗಿ ಇರುವುದು ಒಂದು ವಿಡಿಯೊ. ಕರೆಯೋಲೆಯ ಕಾರ್ಡು ಎಲ್ಲೋ ಕಳೆದುಹೋಗಿ ಸುಮಾ ನನ್ನದೇ ಒಂದು ಅರ್ಧ ಬರೆದ ಕಥೆಯ ಹಾಳೆಯನ್ನು ಮಡಚಿ ಸಿಕ್ಕಿಸಿದ್ದಾಳೆ. ಎಳೆಯುತ್ತಾಳೆ. ಹಾಳೆ ಬರುವುದಿಲ್ಲ. ಇನ್ನೂ ಎಳೆಯುತ್ತಾಳೆ. ಪರ್ ಎಂದು ಹರಿಯುತ್ತದೆ. ಅರ್ಧ ಅವಳ ಕೈಯಲ್ಲಿ, ಅರ್ಧ ನನ್ನ ಬೆರಳುಗಳ ನಡುವೆ. ವಿಡಿಯೊದಲ್ಲಿ ಇಬ್ಬರ ಮುಖವೂ ಇಲ್ಲ, ಬರೀ ಕೈಗಳು, ಸಕ್ಕರೆ ಡಬ್ಬಿಯ ನೆರಳು. ಬಹಳ ಹೊತ್ತು ಯಾರ ಕೈಯೂ ಅಲುಗುವುದಿಲ್ಲ. ಆಮೇಲೆ ಸುಮಾಳ ದನಿ: "ಅಯ್ಯೋ, ಕಥೆ ಹರಿದೋಯ್ತಲ್ರೀ."

ಸುಮಾ ಓರೆಯಾಗಿ ಎಳೆದಿರಬಹುದು, ಹಾಳೆ ಹಳೆಯದಿರಬಹುದು ಎಂದು ನಾನು ಆ ವಿಡಿಯೊವನ್ನು ಎಷ್ಟೋ ಸಲ ಅನುಮಾನಿಸಿ ನೋಡಿದೆ. ಡಾಕ್ಟರು 'ಹಿಡಿತ ಗಟ್ಟಿಯಾಗಿದೆ' ಎಂದ ಮೇಲೂ ನೋಡಿದೆ. ಪ್ರತಿ ಸಲವೂ ಹಾಳೆ ಹರಿಯುತ್ತದೆ.

ಮಚ್ಚೆಯ ಬಣ್ಣ ಬಹುಪಾಲು ತುಂಬಿಕೊಂಡಿದೆ. ಕಿರುಬೆರಳಿನ ಹೊರಅಂಚು ಇನ್ನೂ ಸ್ವಲ್ಪ ಮಂದ. ಆ ಮಚ್ಚೆಯ ಜಾಗದಲ್ಲಿ ಸ್ಪರ್ಶ ಪೂರ್ತಿ ಬರದೆಯೂ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈ ಸಲದ ಮಳೆ ಶುರುವಾಗಿದೆ. ನಿನ್ನೆ ಬಚ್ಚಲ ಬಾಗಿಲಲ್ಲಿ ತಿರುಗಿ ನಿಂತಾಗ ಸುಮಾ, "ಅದೇ ಮೊಣಕೈ," ಎಂದು ಹೇಳಿ ಫೋಟೊ ತೆಗೆದಳು. ಹಳೆಯ ಮಚ್ಚೆಯ ಅಂಚಿನ ಮೇಲೇ ಕಚ್ಚಿದೆ. ಒಳಗೋ ಹೊರಗೋ, ದೊಡ್ಡದು ಮಾಡಿ ನೋಡಿದರೂ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆ ಹಾಜರಿ ಹಾಕುವಾಗ ನಾನು ಪೆನ್ನು ಬಿಟ್ಟು ಮೊಣಕೈ ಕೆರೆದುಕೊಂಡೆನಂತೆ. ನನಗೆ ಗೊತ್ತೇ ಆಗಲಿಲ್ಲ. ಮಂಜಪ್ಪ ನೋಡಿದ.

"ಏನ್ ರೈಟ್ರೆ," ಎಂದ, "ರಕ್ತ ಸಿಹಿಯಾಯ್ತಾ?"

ಈಗ ಮಧ್ಯಾಹ್ನ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಂಗೈಯ ಅಂಚಿನ ಕೆಳಗೆ ಕಾಗದವಿದೆ. ಸ್ವಲ್ಪ ಒರಟು, ಸ್ವಲ್ಪ ತಣ್ಣಗೆ, ಮಳೆಗಾಲದ ತೇವ ಹಿಡಿದದ್ದು. ಮೊಣಕೈಯ ಹಿಂದೆ, ನನಗೆ ಕಾಣದ ಆ ಜಾಗದಲ್ಲಿ, ತುರಿಸುತ್ತಿದೆ. ಜೋರಾಗಿ ತುರಿಸುತ್ತಿದೆ. ಎಡಗೈ ತಾನಾಗಿ ಮೇಲೇಳುತ್ತದೆ. ಅದನ್ನು ಮೇಜಿನ ಮೇಲೆ ಒತ್ತಿ ಹಿಡಿದಿದ್ದೇನೆ. ಇನ್ನೂ ಸ್ವಲ್ಪ ಹೊತ್ತು ತುರಿಸಲಿ.